ಭಂಗಿ ಸೊಪ್ಪಿನ ಮೇಲೆ ಹೊರಿಸಿದ ಹುಚ್ಚು

19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳು ವರ್ಷಕ್ಕೊಮ್ಮೆ ಸರ್ಕಾರಕ್ಕೆ ವರದಿ ಒಪ್ಪಿಸಬೇಕಿತ್ತು. ಆ ವರ್ಷ ಸೇರಿದ ರೋಗಿಗಳಿಗೆ ಹುಚ್ಚು ಹಿಡಿದದ್ದು ಯಾವುದರಿಂದ ಎಂಬ ಪಟ್ಟಿ ಅದರಲ್ಲಿ ಇರಲೇಬೇಕು. ದುಃಖ, ಜ್ವರ, ಮೂರ್ಛೆರೋಗ, ಕುಡಿತ ಇವುಗಳ ನಡುವೆ ಗಾಂಜಾ ಎಂಬ ಕಾರಣ ಮತ್ತೆ ಮತ್ತೆ ಕಾಣಿಸಿಕೊಂಡಿತು. ಅಂಕಿಗಳು ಅಚ್ಚಾಗುತ್ತಾ ಹೋದಂತೆ, ಗಾಂಜಾ ಸೇದಿದವನಿಗೆ ಹುಚ್ಚು ಹಿಡಿಯುತ್ತದೆ ಎಂಬ ಮಾತು ವೈದ್ಯರಿಗೂ ಅಧಿಕಾರಿಗಳಿಗೂ ಪ್ರಶ್ನೆಯಿಲ್ಲದ ಸತ್ಯವಾಯಿತು.

ಮಾತು ಲಂಡನ್ನಿಗೂ ಮುಟ್ಟಿತು. ಪಾನನಿರೋಧ ಚಳವಳಿಯಲ್ಲಿ ಹೆಸರಾಗಿದ್ದ ಡಬ್ಲ್ಯು. ಎಸ್. ಕೇನ್ 1893ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಕೆಳಮನೆಯಲ್ಲಿ ಬಂಗಾಳದ ಗಾಂಜಾ ಬೆಳೆ ಮತ್ತು ವ್ಯಾಪಾರದ ಬಗ್ಗೆ ಪ್ರಶ್ನೆ ಎತ್ತಿದರು. ಬಂಗಾಳಕ್ಕೆ ಮಾತ್ರ ಕೇಳಿದ್ದ ತನಿಖೆಯನ್ನು ಭಾರತ ಸರ್ಕಾರ ಇಡೀ ದೇಶಕ್ಕೆ ಹರಡಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ನೇಮಕವಾದ ಏಳು ಜನರ ಆಯೋಗದಲ್ಲಿ ಮೂವರು ಭಾರತೀಯರಿದ್ದರು. ಒಂದೇ ಗಿಡದ ಮೂರು ರೂಪಗಳನ್ನೂ, ಎಂದರೆ ಎಲೆಯ ಭಂಗಿ, ಹೆಣ್ಣುಗಿಡದ ಹೂಗೊಂಚಲಿನ ಗಾಂಜಾ, ಅಂಟಿನ ಚರಸ್, ಆಯೋಗ ಪರಿಶೀಲಿಸಿತು. 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಸಂಪುಟಗಟ್ಟಲೆ ವರದಿ ಒಪ್ಪಿಸಿತು. ಅಬಕಾರಿ, ಬೇಸಾಯ, ದೇವಸ್ಥಾನದ ಬಳಕೆ ಎಲ್ಲವೂ ಅದರಲ್ಲಿವೆ. ಆದರೆ ಇಂದಿಗೂ ಓದಬೇಕಾದ ಭಾಗ ಹುಚ್ಚಾಸ್ಪತ್ರೆಗಳದು.

ಆಯೋಗದವರು ಪಟ್ಟಿಯನ್ನು ನಂಬುವ ಮೊದಲು ಅದು ತುಂಬಿದ ಬಗೆಯನ್ನು ಹುಡುಕಿದರು. 1858ರ ಕಾಯ್ದೆಯಂತೆ, ಬೀದಿಯಲ್ಲಿ ಅಲೆಯುವ ಬುದ್ಧಿಗೆಟ್ಟವರನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು; ಅವರ ಆದೇಶವಾದ ಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಜೊತೆಗೆ ಹೋಗುವ ವಿವರದ ಕಾಗದದಲ್ಲಿ ಕಾಯಿಲೆಯ ಕಾರಣಕ್ಕೂ ಒಂದು ಜಾಗವಿತ್ತು. ಹಿಡಿದು ತಂದವನ ಊರು, ನಂಟರು ಎಷ್ಟೋ ವೇಳೆ ತಿಳಿಯದು. ಜಾಗ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಸೇದುವವನೆಂದು ಯಾರೋ ಅಂದರೆ ಸಾಕು, ಕಾರಣ ಸಿಕ್ಕಿದ ಹಾಗೆ. ಆಸ್ಪತ್ರೆಯಲ್ಲಿ ಅದನ್ನೇ ದಾಖಲೆಗೆ ಇಳಿಸಿಕೊಳ್ಳುತ್ತಿದ್ದರು. ದಾಖಲೆಯಿಂದ ವಾರ್ಷಿಕ ವರದಿಗೆ, ವರದಿಯಿಂದ ವೈದ್ಯಗ್ರಂಥಕ್ಕೆ ಅದು ದಾಟಿತು. ಒಬ್ಬ ಕಾನ್‌ಸ್ಟೇಬಲ್‌ನ ಊಹೆ ಹೀಗೆ ಶಾಸ್ತ್ರದ ಪುರಾವೆಯಾಗುತ್ತಿತ್ತು. ಇದರಲ್ಲಿ ನಿಜವಾಗಿ ನಷ್ಟವಾದದ್ದು ರೋಗಿಗೆ: ಅವನ ಕಾಯಿಲೆಗೆ ಬೇರೆ ಮೂಲ ಇರಬಹುದೇ ಎಂದು ಕೇಳುವವರು ಇಲ್ಲವಾದರು.

1892 ಒಂದೇ ವರ್ಷದ ದಾಖಲಾತಿಗಳನ್ನು ಆಯೋಗ ಹೊಸದಾಗಿ ಪರೀಕ್ಷಿಸಿತು. ರೋಗಿಗಳ ಊರುಗಳಲ್ಲಿ, ಬಲ್ಲವರ ನಡುವೆ ವಿಚಾರಣೆ ನಡೆಯಿತು. ಒಟ್ಟು 1,344 ದಾಖಲಾತಿಗಳಲ್ಲಿ ಗಾಂಜಾ, ಭಂಗಿ, ಚರಸ್‌ಗಳ ಪಾತ್ರವನ್ನು ಒಪ್ಪಬಹುದಾಗಿದ್ದದ್ದು 98ರಲ್ಲಿ ಮಾತ್ರ. ಅವುಗಳಲ್ಲೂ 61ನ್ನು ಬಿಟ್ಟರೆ ಉಳಿದವುಗಳಲ್ಲಿ ಬೇರೆ ಕಾರಣಗಳೂ ಬೆರೆತಿದ್ದವು.

ಇದು ಗಾಂಜಾಕ್ಕೆ ಸಿಕ್ಕ ಖುಲಾಸೆಯಲ್ಲ. ಮಿತವಾದ ಬಳಕೆ ಮನಸ್ಸಿಗೆ ಕೇಡು ಮಾಡದು ಎಂದ ಆಯೋಗ, ಅತಿಯಾದ ಬಳಕೆಯನ್ನು ಬೇರೆಯಾಗಿ ಕಂಡಿತು: ಅತಿ ಬಳಕೆ ಮನಸ್ಸಿನ ಅಸ್ಥಿರತೆಯ ಗುರುತೂ ಹೌದು, ಅದನ್ನು ಹೆಚ್ಚಿಸುವಂಥದ್ದೂ ಹೌದು, ಹುಚ್ಚಿಗೂ ದಾರಿ ಮಾಡಬಹುದು. ವ್ಯಸನವೂ ಮನೋರೋಗವೂ ಒಬ್ಬರಲ್ಲೇ ಸೇರಿರುವುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ಆ ಕಾಲದಲ್ಲಿ ಸಿಗುವುದು ಕಷ್ಟ. ನಿದ್ದೆ ಹಾರಿದವನು, ಇಲ್ಲದ ದನಿ ಕೇಳಿಸಿಕೊಳ್ಳುವವನು ಚಿಲುಮೆಗೆ ಕೈಚಾಚಬಹುದು. ನೆರೆಯವರ ಕಣ್ಣಿಗೆ ಮೊದಲು ಬೀಳುವುದು ಚಿಲುಮೆಯೇ. ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿ ಇರಲಿ ಎಂಬುದು ವರದಿಯ ಸಲಹೆ. ಭಾರತೀಯ ಸದಸ್ಯರಲ್ಲಿ ಇಬ್ಬರು ಭಿನ್ನಮತ ಬರೆದರು. ಅಬಕಾರಿಯ ಆದಾಯ ಉಣ್ಣುತ್ತಿದ್ದ ಸರ್ಕಾರಕ್ಕೆ ಆ ಸಲಹೆ ಹಿತವಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ ದಾಖಲೆಗಳನ್ನು ಬಗೆದು ನೋಡಿದ ಕೆಲಸದ ಬೆಲೆ ಅದರಿಂದ ಕಡಿಮೆಯಾಗದು.

ವ್ಯಸನ, ಮನೋರೋಗ ಎರಡನ್ನೂ ಒಂದೇ ಸೂರಿನಡಿ ನೋಡುವ ವ್ಯವಸ್ಥೆಗೆ ಬಹಳ ಕಾಲ ಹಿಡಿಯಿತು. ಬೆಂಗಳೂರಿನಲ್ಲಿ 1840ರ ದಶಕದಲ್ಲಿ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಆರಂಭಿಸಿದ ಹುಚ್ಚಾಸ್ಪತ್ರೆ ಮುಂದೆ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಪಕ್ಕದಲ್ಲೇ ಶಿಕ್ಷಣ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ವ್ಯಸನಮುಕ್ತಿಗೇ ಮೀಸಲಾದ ಕೇಂದ್ರ ಶುರುವಾದದ್ದು 1990ರ ದಶಕದ ಆರಂಭದಲ್ಲಿ.

ಗಾಂಜಾದ ಪ್ರಶ್ನೆ ಅಷ್ಟರಲ್ಲಿ ಬೇರೆಡೆ ಮತ್ತೆ ತೆರೆದಿತ್ತು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಕರೆಬಂದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಬರುವ ಸಂಭವ, ಬಳಸದವರಿಗಿಂತ ಸುಮಾರು ಆರು ಪಟ್ಟು ಕಂಡಿತ್ತು. ಕಾರಣವೋ, ಗುರುತೋ ಎಂಬ 1894ರ ಪ್ರಶ್ನೆಯೇ ಆ ಅಂಕಿಯ ಸುತ್ತಲೂ ಎದ್ದಿತು.

ಇಂದಿನ ಚಿಕಿತ್ಸೆಯಲ್ಲಿ ಆ ಪ್ರಶ್ನೆಗೆ ಒಂದು ಗಡುವಿದೆ. ಮತ್ತಿನ ಪದಾರ್ಥ ನಿಂತು ಸುಮಾರು ಒಂದು ತಿಂಗಳಾದರೂ ಭ್ರಮೆ, ಖಿನ್ನತೆ ಮುಂದುವರಿದರೆ ಅದನ್ನು ಬೇರೆ ಕಾಯಿಲೆಯೆಂದೇ ವೈದ್ಯರು ಎಣಿಸುತ್ತಾರೆ. ಆದರೆ ಚಿಕಿತ್ಸೆ ಅಲ್ಲಿಯವರೆಗೆ ಕಾಯುವುದಿಲ್ಲ. ಒಂದನ್ನು ಮೊದಲು ಮುಗಿಸಿ ಇನ್ನೊಂದಕ್ಕೆ ಕೈಹಾಕಿದರೆ ಉಳಿದದ್ದು ಮೊದಲಿನದನ್ನು ಮತ್ತೆ ಎಳೆದು ತರುತ್ತದೆ; ಆದ್ದರಿಂದ ಔಷಧಿ, ಆಪ್ತಸಮಾಲೋಚನೆ, ಮನೆಯವರ ಜೊತೆ ಮಾತುಕತೆ, ಬಿಟ್ಟ ಚಟಕ್ಕೆ ಮರಳದಂತೆ ದೀರ್ಘಕಾಲದ ನಿಗಾ, ಎಲ್ಲವೂ ಒಟ್ಟಿಗೆ ಸಾಗುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ಪದಾರ್ಥಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ.