ನಮ್ಮ ಮಾರಿಯೋ ಯಾಕೆ ನಿಧಾನ ಓಡ್ತಿದ್ದ?

ಎಮ್ಯುಲೇಟರ್ ಅಂದ ಕೂಡಲೇ ಗೇಮ್ ಹುಚ್ಚರ ನಡುವೆ ಶುರುವಾಗೋ ಜಗಳ ಒಂದೇ, ಇದು ಕಳ್ಳತನ ಹೌದೋ ಅಲ್ಲವೋ ಅಂತ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಇನ್ನೊಂದು ವಿಷಯ. ಹಳೇ ಟಿವಿ ಗೇಮ್ ಆಡಿ ಬೆಳೆದವರು ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಮಾರಿಯೋ ಆಡಿದರೆ, "ಇವ ಯಾಕೋ ಭಾಳ ಜೋರ ಓಡಾಕತ್ತಾನ" ಅಂತಾರೆ. ವಯಸ್ಸಾಯ್ತು, ಕೈ ಸೋತಿವೆ ಅಂತ ನಗ್ತಾರೆ. ಆದರೆ ಬಹಳಷ್ಟು ಸಲ ತಪ್ಪು ಕೈಗಳದ್ದಲ್ಲ!

ಸ್ವಲ್ಪ ಹಿಂದಕ್ಕೆ ಹೋಗೋಣ. ನಿಂಟೆಂಡೋದ ಫ್ಯಾಮಿಕಾಂ ಜಪಾನಿನಲ್ಲಿ ಬಿಡುಗಡೆಯಾದದ್ದು 1983ರ ಜುಲೈ 15ಕ್ಕೆ. ಅದೇ ಮುಂದೆ ಅಮೆರಿಕದಲ್ಲಿ ಎನ್‌ಇಎಸ್ ಆಯ್ತು. ಭಾರತದಲ್ಲೂ ಅದು ಸಮುರಾಯ್ ಅನ್ನೋ ಹೆಸರಿನಲ್ಲಿ ಅಧಿಕೃತವಾಗಿ ಮಾರಾಟಕ್ಕಿತ್ತು, ಆದರೆ ನಮ್ಮ ಕಡೆ ಅದನ್ನ ನೋಡಿದವರು ಯಾರೂ ನನಗೆ ಸಿಕ್ಕಿಲ್ಲ. ಭೀಮಾ ದಂಡೆಯ ದೇವಣಗಾಂವದಂಥ ಊರಿಗೆ ಬಂದದ್ದು ಅದರ ನಕಲು. ಸೊಲ್ಲಾಪುರಕ್ಕೋ ಬಿಜಾಪುರಕ್ಕೋ ಸಂತಿಗೆ ಹೋದವರು ತಂದ ಡಬ್ಬಿ, ಎರಡು ರಿಮೋಟು, ಒಂದು ಗನ್ನು, ಒಂದು ಹಳದಿ ಕ್ಯಾಸೆಟ್. ಕಾರ್ಟ್ರಿಜ್ ಅನ್ನೋ ಪದ ನಮಗೆ ಗೊತ್ತಾದದ್ದು ಇಂಜಿನಿಯರಿಂಗ್ ಸೇರಿದ ಮೇಲೆ :-) ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಬರೆದಿರ್ತಿತ್ತು. ಒಳಗಿದ್ದದ್ದು ಹತ್ತಿಪ್ಪತ್ತು ಆಟ. ಅವನ್ನೇ ಬೇರೆ ಲೆವೆಲ್‌ನಿಂದ, ಬೇರೆ ಬಂದೂಕಿನಿಂದ ಶುರು ಮಾಡಿ ಹೊಸ ನಂಬರ್ ಕೊಟ್ಟಿರ್ತಿದ್ರು.

ಡಬ್ಬಿ ಬಿಚ್ಚಿದರೆ ಒಳಗೆ ಏನೂ ಇಲ್ಲ ಅನ್ನಿಸ್ತಿತ್ತು. ಪುಟ್ಟ ಬೋರ್ಡಿನ ಮೇಲೆ ಕರೀ ಟಾರಿನ ಹನಿಯಂಥ ಒಂದು ಗುಬ್ಬಿ, ಅಷ್ಟೇ. ಮೂಲ ಯಂತ್ರದ ಪ್ರೊಸೆಸರ್, ಚಿತ್ರ ಬಿಡಿಸೋ ಚಿಪ್ ಎಲ್ಲವನ್ನೂ ಒಂದೇ ಸಿಲಿಕಾನ್ ತುಂಡಿಗೆ ಇಳಿಸಿ, ಮೇಲೆ ಅಂಟು ಸುರಿದದ್ದು ಅದು. ನಿಂಟೆಂಡೋದ ಲೆಕ್ಕದ ಪುಸ್ತಕದಲ್ಲಿ ಈ ಡಬ್ಬಿಗಳಿಗೆ ಜಾಗವೇ ಇಲ್ಲ. ಆದರೆ ನಮ್ಮ ಕಡೆಯ ಹುಡುಗರಿಗೆ ವಿಡಿಯೋ ಗೇಮಿನ ಇತಿಹಾಸ ಅಂದ್ರೆ ಇದೇ.

ಈಗ ವೇಗದ ಮಾತು. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ ಸುಮಾರು 60 ಸಲ ಪರದೆ ಬರೀತಿತ್ತು. ಭಾರತದ್ದು ಪಾಲ್ ಪದ್ಧತಿ, 50 ಸಲ. ಆ ಕಾಲದ ಗೇಮುಗಳು ಗಡಿಯಾರ ನೋಡಿ ಓಡುತ್ತಿರಲಿಲ್ಲ, ಪರದೆ ನೋಡಿ ಓಡ್ತಿದ್ವು. ಪರದೆ ಒಂದು ಸಲ ಬರೆದರೆ ಮಾರಿಯೋ ಒಂದು ಹೆಜ್ಜೆ. ಹಾಗಾಗಿ ಪಾಲ್ ಟಿವಿಗೆಂದು ಮಾಡಿದ ನಕಲಿ ಡಬ್ಬಿಗಳಲ್ಲಿ ಆಟ ಆರಕ್ಕೆ ಐದರಷ್ಟು ವೇಗದಲ್ಲಿ ನಡೀತಿತ್ತು. ಅಲ್ಲಿ ಹತ್ತು ಸೆಕೆಂಡಿನ ದಾರಿ ಇಲ್ಲಿ ಹನ್ನೆರಡು. ಹಾಡೂ ಅಷ್ಟೇ ನಿಧಾನ. ನಾವು ಕಲಿತ ಕಾಂಟ್ರಾ ಜಗತ್ತಿನ ಬೇರೆ ಕಡೆಯವರ ಕಾಂಟ್ರಾ ಅಲ್ಲ!

ಇದನ್ನ ದಾಖಲಿಸಿದವರು ಯಾರು ಗೊತ್ತೇ? ಕಂಪನಿಗಳಲ್ಲ, ಎಮ್ಯುಲೇಟರ್ ಬರೆಯೋ ಹವ್ಯಾಸಿಗಳು. ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರಿನ ಮೆನುವಿನಲ್ಲಿ ಎನ್‌ಟಿಎಸ್‌ಸಿ, ಪಾಲ್ ಜೊತೆಗೆ "ಡೆಂಡಿ" ಅಂತ ಮೂರನೇ ಆಯ್ಕೆ ಇದೆ. ಡೆಂಡಿ ಅನ್ನೋದು 1992ರಿಂದ ರಷ್ಯಾದಲ್ಲಿ ಮನೆಮಾತಾದ ನಕಲಿ ಡಬ್ಬಿ. ಅಲ್ಲೂ 50ರ ಟಿವಿ. ಅಸಲಿ ಪಾಲ್ ಎನ್‌ಇಎಸ್‌ನ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಈ ನಕಲುಗಳದ್ದು 1.77. ಇಷ್ಟು ಸಣ್ಣ ವ್ಯತ್ಯಾಸವನ್ನೂ ಅಳೆದು, ಸಾಫ್ಟ್‌ವೇರಿನಲ್ಲಿ ಕಾಪಾಡಿಟ್ಟಿದ್ದಾರೆ. ಆ ಆಯ್ಕೆ ಒತ್ತಿ ನೋಡಿ, ಮಾರಿಯೋ ಮತ್ತೆ ನಮ್ಮೂರಿನ ನಡಿಗೆಗೆ ಬರ್ತಾನೆ.

ಈ ಹವ್ಯಾಸಿಗಳ ದೊಡ್ಡ ವರ್ಷ 1997. ನೆಸ್ಟಿಕಲ್ ಬಂದದ್ದು, ಇಟಲಿಯ ನಿಕೋಲಾ ಸಾಲ್ಮೋರಿಯಾ ಆರ್ಕೇಡ್ ಯಂತ್ರಗಳಿಗಾಗಿ ಮೇಮ್ ಬಿಟ್ಟದ್ದು ಅದೇ ವರ್ಷ. (ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ದೂ 1997ರಲ್ಲೇ. 2019ರಲ್ಲಿ ಅದನ್ನ ರಾಕ್‌ಸ್ಟಾರ್ ಕೊಂಡಿತು. ಅದು ಇನ್ನೊಂದು ಲೇಖನಕ್ಕಾಗೋ ಕಥೆ.)

ಇನ್ನು ಆ ಜಗಳ. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ಮೇಲೆ ಸೋನಿ ಕೇಸು ಹಾಕಿದಾಗ, 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರವಾಗಿ ಹೇಳಿತು. ಯಂತ್ರದ ನಡವಳಿಕೆ ಅಧ್ಯಯನ ಮಾಡಿ ಹೊಸದಾಗಿ ಬರೆದ ಪ್ರೋಗ್ರಾಂ ಕಳ್ಳತನ ಅಲ್ಲ. ಆದರೆ ಗೇಮಿನ ಪ್ರತಿ, ಅಂದ್ರೆ ರಾಮ್ ಫೈಲ್, ಬೇರೆ ಮಾತು. ಅದರ ಹಕ್ಕು ಕಂಪನಿಯದ್ದೇ. 2024ರಲ್ಲಿ ಸ್ವಿಚ್ ಎಮ್ಯುಲೇಟರ್ ಯೂಜು ಮಾಡಿದವರು ನಿಂಟೆಂಡೋಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಹಾಕಿದರು. ಮರುತಿಂಗಳೇ ಆಪಲ್ ತನ್ನ ಆಪ್ ಸ್ಟೋರಿಗೆ ಹಳೇ ಗೇಮುಗಳ ಎಮ್ಯುಲೇಟರ್ ಬಿಟ್ಟುಕೊಂಡಿತು! ಇವತ್ತು ಮಾರಾಟಕ್ಕಿರೋ ಗೇಮನ್ನ ಕದ್ದು ಆಡೋದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಅಂಗಡಿಯಲ್ಲಿ ಎಲ್ಲೂ ಸಿಗದ ಗೇಮಿನ ಕಥೆ ಏನು? 2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಣಿಸಿದ ಪ್ರಕಾರ, ಅಲ್ಲಿ 2010ಕ್ಕೆ ಮೊದಲು ಬಂದ ಗೇಮುಗಳಲ್ಲಿ 87% ಈಗ ಕೊಳ್ಳೋಕೇ ಸಿಗಲ್ಲ. ಇದು ಅಸಲಿ ಗೇಮುಗಳ ಪಾಡು. ನಮ್ಮ ಹಳದಿ ಕ್ಯಾಸೆಟ್‌ಗಳನ್ನ ಯಾವ ಕಂಪನಿ ಮರುಮುದ್ರಣ ಮಾಡುತ್ತೆ ಹೇಳಿ? ಅವುಗಳ ಮೆನು, ಆ ಕೆಟ್ಟ ಸಂಗೀತ, ಸುಳ್ಳು ಪಟ್ಟಿ ಎಲ್ಲ ಉಳಿದಿರೋದು ಕ್ಯಾಸೆಟ್ ಬಿಚ್ಚಿ ಒಳಗಿನದನ್ನ ನಕಲು ಮಾಡಿಟ್ಟವರಿಂದ.

ಆಟವನ್ನ ಬರೆದಿಡೋದು ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ಶ್ರೀತತ್ತ್ವನಿಧಿಯಲ್ಲಿ ಹಾಸು ಆಟಗಳಿಗೆಂದೇ ಕೌತುಕನಿಧಿ ಅನ್ನೋ ಭಾಗ ಇದೆ. ಅರಸರ ಆಟಕ್ಕೆ ಅರಮನೆ ಇತ್ತು. ನಮ್ಮ ಕಾಂಟ್ರಾಕ್ಕೆ ಹವ್ಯಾಸಿಗಳೇ ಗತಿ.

ಎಮ್ಯುಲೇಟರಿಗೆ ನಿಲುಕದ್ದೂ ಒಂದಿದೆ, ಆ ಗನ್ನು. ಅದರಿಂದ ಗುಂಡೂ ಇಲ್ಲ, ಬೆಳಕೂ ಇಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಮಾತ್ರ ಬೆಳ್ಳಗಾಗುತ್ತೆ. ಆ ಬೆಳಕನ್ನ ಗನ್ನು ನೋಡುತ್ತೆ. ಎಲ್‌ಸಿಡಿ ಪರದೆ ಚಿತ್ರ ತೋರಿಸೋದು ಒಂಚೂರು ತಡ, ಹಾಗಾಗಿ ಆ ಗನ್ನು ಅಲ್ಲಿ ಕುರುಡು. ಎಮ್ಯುಲೇಟರಿನಲ್ಲಿ ಮೌಸ್ ಕ್ಲಿಕ್ ಮಾಡಿ ಬಾತುಕೋಳಿ ಹೊಡೀಬೇಕು, ಅದೇನು ಬೇಟೆನೋ...

ಕಾಂಟ್ರಾದ 30 ಜೀವದ ಮಂತ್ರ ಮಾತ್ರ ಎಲ್ಲ ಕಡೆ ನಡೆಯುತ್ತೆ. ಕೊನಾಮಿಯ ಕಜುಹಿಸಾ ಹಶಿಮೊಟೊ ಇದನ್ನ ಮೊದಲು 1986ರಲ್ಲಿ ಗ್ರೇಡಿಯಸ್‌ಗೆ ಹಾಕಿದ್ದು, ಆಟ ಕಷ್ಟ ಅಂತ ತಾನೇ ಪರೀಕ್ಷೆ ಮಾಡೋಕೆ. ಆತ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರೆತವರಿಗಾಗಿ, ನಮ್ಮ ಭಾಷೆಯಲ್ಲೇ: ಮ್ಯಾಲ ಮ್ಯಾಲ, ಕೆಳಗ ಕೆಳಗ, ಎಡಕ ಬಲಕ, ಎಡಕ ಬಲಕ, ಬಿ, ಎ, ಆಮ್ಯಾಲ ಸ್ಟಾರ್ಟ್.