‘ನಾನು ಸರಿಯಾಗಿದ್ದೇನೆ’ ಎಂಬ ಸಂದೇಶ

ವಾಟ್ಸ್‌ಆಪ್‌ನಲ್ಲಿ ಒಂದು ಟಿಕ್ ಬಂದರೆ ಸಂದೇಶ ಸರ್ವರ್ ಮುಟ್ಟಿದೆ, ಎರಡು ಬಂದರೆ ಊರಿನವರ ಫೋನ್ ಮುಟ್ಟಿದೆ, ನೀಲಿಯಾದರೆ ಓದಿದ್ದಾರೆ. ಗಲ್ಫ್‌ನಲ್ಲಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟಿಕ್ ನೀಲಿಯಾಗದ ರಾತ್ರಿ ಎಷ್ಟೋ ಮಂದಿಗೆ ನಿದ್ದೆ ಹತ್ತುವುದಿಲ್ಲ. ಆದರೆ ಆ ಟಿಕ್ ಕೂಡ ಒಂದು ಸಂದೇಶವೇ. ಅದೂ ಅದೇ ದಾರಿಯಲ್ಲಿ ಬರಬೇಕು, ಅದನ್ನೂ ಒಂದು ಪ್ರೋಗ್ರಾಂ ಓದಬೇಕು. ಆ ಸಂದೇಶವೇ ಕೆಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಕಂಪ್ಯೂಟರ್ ಜಾಲಗಳ ಚರಿತ್ರೆಯಲ್ಲಿ ದೊಡ್ಡ ಉದಾಹರಣೆಗಳಿವೆ. ನಾನು ಡಿ.ಫಾರ್ಮಾ ಓದಿದವನು, ಕಂಪ್ಯೂಟರ್ ಓದಿದವನಲ್ಲ. ಆದರೂ ಔಷಧಿ ಅಂಗಡಿಯ ಕಣ್ಣಿನಿಂದ ನೋಡಿದರೆ ಈ ಕಥೆ ನನಗೆ ಬಹಳ ಪರಿಚಿತ ಎನಿಸುತ್ತದೆ.

ಇಂದಿನ ಇಂಟರ್‌ನೆಟ್‌ನ ತಾಯಿ ಅರ್ಪಾನೆಟ್. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಹುಟ್ಟಿದ ಜಾಲ ಅದು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದ ಕಳಿಸಲು ಹೊರಟರು. ಇಂಗ್ಲಿಷಿನಲ್ಲಿ ಅದು ಐದು ಅಕ್ಷರದ ಪದ. ಎರಡೂ ಕಡೆಯವರು ಟೆಲಿಫೋನ್ ಹಿಡಿದು ಕೂತಿದ್ದರು. ‘ಎಲ್ ಬಂತಾ?’ ‘ಬಂತು.’ ‘ಓ ಬಂತಾ?’ ‘ಬಂತು.’ ಮೂರನೆಯ ಅಕ್ಷರ ಕಳಿಸುವಾಗ ಆ ಕಡೆಯ ಕಂಪ್ಯೂಟರ್ ಕುಸಿಯಿತು. ಡಾಕ್ಟರು ಫೋನಿನಲ್ಲಿ ಔಷಧಿ ಹೇಳಿದಾಗ ನಾವು ಹೆಸರು, ಪ್ರಮಾಣ ಎರಡನ್ನೂ ತಿರುಗಿ ಓದಿ ಹೇಳುತ್ತೇವೆ. ಅವರು ‘ಹೌದು’ ಎಂದ ಮೇಲೆಯೇ ಔಷಧಿ ಕೊಡುವುದು. ಜಾಲದ ಮೊದಲ ದಿನವೂ ಅದೇ ಕ್ರಮ ನಡೆದಿತ್ತು. ತಪ್ಪು ಎಲ್ಲಿ ಆಯಿತೆಂದು ಆ ಕ್ಷಣವೇ ತಿಳಿಯಿತು, ಸುಮಾರು ಒಂದು ಗಂಟೆಯಲ್ಲಿ ಸರಿಯೂ ಆಯಿತು.

ಜಾಲ ಬೆಳೆದ ಮೇಲೆ ಮನುಷ್ಯರು ಫೋನ್ ಹಿಡಿದು ಕೂರಲಾಗುವುದಿಲ್ಲ. ಊರೂರಿನಲ್ಲಿ ‘ಇಂಪ್’ ಎಂಬ ಸಣ್ಣ ಕಂಪ್ಯೂಟರುಗಳಿದ್ದವು. ಸಂದೇಶಗಳಿಗೆ ದಾರಿ ತೋರಿಸುವುದು ಅವುಗಳ ಕೆಲಸ. ಪ್ರತಿಯೊಂದೂ ಆಗಾಗ ‘ನನ್ನ ಲೈನುಗಳ ಸ್ಥಿತಿ ಹೀಗಿದೆ’ ಎಂದು ಉಳಿದೆಲ್ಲವಕ್ಕೂ ವರದಿ ಕಳಿಸುತ್ತಿತ್ತು. ಯಾವ ವರದಿ ಹೊಸದು, ಯಾವುದು ಹಳೆಯದು ಎಂದು ತಿಳಿಯಲು ಅದರ ಮೇಲೆ 0ಯಿಂದ 63ರವರೆಗಿನ ಒಂದು ಕ್ರಮಸಂಖ್ಯೆ. 63 ಆದ ಮೇಲೆ ಮತ್ತೆ 0. ಗಡಿಯಾರದಲ್ಲಿ 11ರ ನಂತರ ಬರುವ 1 ಮುಂದಿನದು ಎಂದು ನಾವು ಅರ್ಥ ಮಾಡಿಕೊಳ್ಳುವಂತೆ, ಸುತ್ತಿನ ಅರ್ಧದೊಳಗೆ ಮುಂದಿರುವುದೇ ಹೊಸದು ಎಂಬುದು ನಿಯಮ.

1980ರ ಅಕ್ಟೋಬರ್ 27ರಂದು 50ನೇ ನಂಬರಿನ ಇಂಪ್‌ನ ವರದಿಗಳು ಮೂರು ಸಂಖ್ಯೆ ಹೊತ್ತು ಜಾಲದಲ್ಲಿ ಸುತ್ತತೊಡಗಿದವು: 44, 40, 8. ಕಂಪ್ಯೂಟರಿನ ಲಿಪಿಯಲ್ಲಿ 44 ಎಂದರೆ 101100. ಒಂದು 1 ಅಳಿಸಿಹೋದರೆ 101000, ಅಂದರೆ 40. ಇನ್ನೊಂದು ಅಳಿಸಿದರೆ 001000, ಅಂದರೆ 8. ಆ ಇಂಪ್‌ನಲ್ಲೋ ಅದರ ನೆರೆಯ 29ನೇ ನಂಬರಿನದರಲ್ಲೋ ಮೆಮೊರಿ ಕೆಟ್ಟು ಬಿಟ್‌ಗಳು ಉದುರುತ್ತಿದ್ದವು.

ಈಗ ಲೆಕ್ಕ ನೋಡಿ. ನಿಯಮದ ಪ್ರಕಾರ 8ಕ್ಕಿಂತ 40 ಹೊಸದು. 40ಕ್ಕಿಂತ 44 ಹೊಸದು. 44ರಿಂದ ಸುತ್ತಿ ಬಂದರೆ 8 ಅರ್ಧ ಸುತ್ತಿನೊಳಗೇ ಸಿಗುತ್ತದೆ, ಆದ್ದರಿಂದ 44ಕ್ಕಿಂತ 8 ಹೊಸದು! ಮೂರೂ ಒಂದನ್ನೊಂದು ಹಿಂದಿಕ್ಕುತ್ತಾ ಹೋದವು. ಪ್ರತಿ ಇಂಪ್ ಕೂಡ ‘ಹೊಸ ವರದಿ ಬಂತು’ ಎಂದು ನಂಬಿ ನೆರೆಯವರಿಗೆ ಹಂಚಿತು, ಅವರು ಮತ್ತೆ ಹಂಚಿದರು. ಇಂಥ ವರದಿಗಳಿಗೆ ಎಲ್ಲಕ್ಕಿಂತ ಮೊದಲ ಆದ್ಯತೆ ಇದ್ದುದರಿಂದ ಬೇರೆ ಕೆಲಸಕ್ಕೆ ಸಮಯವೂ ಉಳಿಯಲಿಲ್ಲ, ಜಾಗವೂ ಉಳಿಯಲಿಲ್ಲ. ಹಲವು ಗಂಟೆ ಇಡೀ ಅರ್ಪಾನೆಟ್ ನಿಂತುಹೋಯಿತು. ಒಂದು ಯಂತ್ರವನ್ನು ಆರಿಸಿ ಹಾಕಿದರೂ ಪ್ರಯೋಜನವಿಲ್ಲ, ನೆರೆಯವು ಅದೇ ಕೆಟ್ಟ ವರದಿಯನ್ನು ಮತ್ತೆ ಕೊಡುತ್ತಿದ್ದವು. ಕೊನೆಗೆ ‘50ನೇ ನಂಬರಿನ ವರದಿ ಬಂದರೆ ಬಿಸಾಡು’ ಎಂಬ ತಿದ್ದುಪಡಿಯನ್ನು ಯಂತ್ರಗಳಿಗೆ ಹಾಕಿ ಜಾಲವನ್ನು ಎಬ್ಬಿಸಿದರು.

ಅವರಲ್ಲಿ ತಪಾಸಣೆ ಇರಲಿಲ್ಲವೇ? ಇತ್ತು. ಬಿಲ್ಲಿನ ಕೆಳಗೆ ಒಟ್ಟು ಬರೆದಂತೆ ಸಂದೇಶದ ಜೊತೆಗೆ ಒಂದು ಮೊತ್ತ ಕಳಿಸುತ್ತಿದ್ದರು. ಅದಕ್ಕೆ ಚೆಕ್‌ಸಮ್ ಎನ್ನುತ್ತಾರೆ. ಲೈನಿನಲ್ಲಿ ಹೋಗುವಾಗ ಕೆಟ್ಟರೆ ಪಡೆಯುವವನ ಮೊತ್ತ ತಾಳೆಯಾಗುವುದಿಲ್ಲ. ಆದರೆ ಈ ವರದಿ ಕೆಟ್ಟದ್ದು ಮೆಮೊರಿಯಲ್ಲಿ ಸುಮ್ಮನೆ ಕೂತಿದ್ದಾಗ. ಕೆಟ್ಟ ಮೇಲೆ ಹೊಸದಾಗಿ ಮೊತ್ತ ಹಾಕಿ ಕಳಿಸಿದ್ದರಿಂದ ಎಲ್ಲರಿಗೂ ಅದು ಸರಿಯಾಗಿಯೇ ಕಂಡಿತು. ಇದು ನಮ್ಮ ವೃತ್ತಿಯವರಿಗೆ ಬಲ್ಲ ಮಾತು. ಲಸಿಕೆಯ ಪೆಟ್ಟಿಗೆ ಬಾಗಿಲಿಗೆ ಬಂದಾಗ 2ರಿಂದ 8 ಡಿಗ್ರಿ ಇತ್ತೇ ಎಂದು ಎಲ್ಲರೂ ನೋಡುತ್ತಾರೆ, ಸಹಿ ಹಾಕುತ್ತಾರೆ. ಫ್ರಿಜ್ಜಿನೊಳಗೆ ಹೋದ ಮೇಲೆ ದಿನಾ ನೋಡದಿದ್ದರೆ ಆ ಸಹಿಗೆ ಬೆಲೆ ಎಷ್ಟು? ಇಲ್ಲಿನ ಬೇಸಿಗೆಯಲ್ಲಿ ಒಂದು ರಾತ್ರಿ ಕರೆಂಟ್ ಹೋದರೆ ಸಾಕು.

ಹತ್ತು ವರ್ಷ ಕಳೆದು 1990ರ ಜನವರಿ 15ರಂದು ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಕುಸಿಯಿತು. ಆಗ ನಮ್ಮ ಹಿರಿಯರು ಇಲ್ಲಿಂದ ಊರಿಗೆ ಫೋನ್ ಮಾಡುತ್ತಿದ್ದುದು ಪಕ್ಕದ ಮನೆಯ ನಂಬರಿಗೆ. ‘ಹತ್ತು ನಿಮಿಷ ಬಿಟ್ಟು ಮಾಡುತ್ತೇನೆ, ಅಮ್ಮನನ್ನು ಕರೆದಿರಿ’ ಎಂದು ಹೇಳಿ ಇಡುವ ಕಾಲ. ಆ ಎರಡನೇ ಕರೆ ಹೋಗದಿದ್ದರೆ ಆಗುವ ಸಂಕಟ ಗೊತ್ತಿದ್ದವರಿಗೆ ಅಮೆರಿಕದ ಆ ದಿನ ಅರ್ಥವಾಗುತ್ತದೆ. ಸುಮಾರು ಒಂಬತ್ತು ಗಂಟೆ ಕಾಲ ಕೋಟ್ಯಂತರ ಕರೆಗಳು ಸಿಗಲಿಲ್ಲ.

ಕಾರಣ ಇಲ್ಲಿಯೂ ಸ್ಥಿತಿ ತಿಳಿಸುವ ಸಂದೇಶವೇ. ನ್ಯೂಯಾರ್ಕ್‌ನ ಒಂದು ಸ್ವಿಚ್‌ಗೆ ಸಣ್ಣ ತೊಂದರೆಯಾಗಿ ಕೆಲವೇ ಸೆಕೆಂಡಿನಲ್ಲಿ ತಾನೇ ಸರಿಯಾಯಿತು. ‘ಮತ್ತೆ ಬಂದಿದ್ದೇನೆ’ ಎಂಬ ಸುದ್ದಿಯನ್ನು ನೆರೆಯ ಸ್ವಿಚ್ ಬರೆದುಕೊಳ್ಳುತ್ತಿರುವಾಗಲೇ, ಸೆಕೆಂಡಿನ ನೂರನೇ ಒಂದು ಭಾಗದೊಳಗೆ, ಇನ್ನೊಂದು ಸಂದೇಶ ಬಂತು. ಹಿಂದಿನ ತಿಂಗಳಷ್ಟೇ ಹಾಕಿದ್ದ ಹೊಸ ಪ್ರೋಗ್ರಾಮಿನಲ್ಲಿ ‘ಬ್ರೇಕ್’ ಎಂಬ ಒಂದು ಪದ ತಪ್ಪು ಜಾಗದಲ್ಲಿತ್ತು. ನೆರೆಯ ಸ್ವಿಚ್‌ನ ಲೆಕ್ಕ ಅಳಿಸಿಹೋಗಿ ಅದೂ ನಿಂತು ಮತ್ತೆ ಎದ್ದಿತು. ಎದ್ದ ಕೂಡಲೇ ತಾನೂ ‘ಬಂದಿದ್ದೇನೆ’ ಎಂದು ಸಾರಿತು, ಅದರ ನೆರೆಯವು ಬಿದ್ದವು. 114 ಸ್ವಿಚ್‌ಗಳಲ್ಲೂ ಅದೇ ಪ್ರೋಗ್ರಾಂ ಇತ್ತು. ಎಂಜಿನಿಯರುಗಳು ಸಂದೇಶಗಳ ಒತ್ತಡ ಇಳಿಸಿ ಅಂದು ರಾತ್ರಿ ಜಾಲವನ್ನು ಸ್ಥಿರಗೊಳಿಸಿದರು, ಆಮೇಲೆ ಹಳೆಯ ಪ್ರೋಗ್ರಾಮಿಗೇ ಮರಳಿದರು.

ಅರ್ಪಾನೆಟ್‌ನ ಪಾಠವನ್ನು ಕಲಿತವರಲ್ಲಿ ರೇಡಿಯಾ ಪರ್ಲ್‌ಮನ್ ಮುಖ್ಯರು. ಸುತ್ತುವ ಪುಟ್ಟ ಸಂಖ್ಯೆಯ ಬದಲು ಮುಗಿಯಲಾರದಷ್ಟು ದೊಡ್ಡ, ಒಂದೇ ದಿಕ್ಕಿನ ಸಂಖ್ಯೆ ಬಳಸಬೇಕು, ಪ್ರತಿ ವರದಿಗೂ ಆಯಸ್ಸು ಇರಬೇಕು ಎಂಬ ದಾರಿ 1980ರ ದಶಕದಲ್ಲಿ ಗಟ್ಟಿಯಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಡೇಟ್. ದೊಡ್ಡ ಕಂಪನಿಗಳ ಜಾಲಗಳಲ್ಲಿ ಇಂದಿಗೂ ನಡೆಯುವ ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ವರದಿಯ ಆಯಸ್ಸು ಒಂದು ಗಂಟೆ. ಅದು ಮೆಮೊರಿಯಲ್ಲಿ ಕೂತಿರುವಾಗಲೂ 5 ನಿಮಿಷಕ್ಕೊಮ್ಮೆ ಮೊತ್ತ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಆ ವರದಿಯನ್ನು ತಿದ್ದಲು ಹೋಗಬಾರದು. ತನ್ನ ಮೆಮೊರಿಯೋ ಪ್ರೋಗ್ರಾಮೋ ಕೆಟ್ಟಿದೆ ಎಂದು ತಿಳಿದು ಆ ಯಂತ್ರವನ್ನು ಕನಿಷ್ಠ ಆರಿಸಿಯಾದರೂ ಮತ್ತೆ ಹಚ್ಚಬೇಕು ಎಂದು ಅದರ ನಿಯಮಾವಳಿಯಲ್ಲಿ ಬರೆದಿದೆ.