ಮೊದಲು ತುಕ್ಕು ಹಿಡಿದದ್ದು ಬೀಗಕ್ಕೆ

ಇವತ್ತು ಒಂದು ಡಿಸ್ಕ್ ಕಥೆ. 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಬಂದಿದ್ದು 2005ರಲ್ಲಿ. ಆ ಬೆಳ್ಳಿ-ನೀಲಿ ಬಿಎಂಡಬ್ಲ್ಯು ಅಂದ್ರೆ ಸಾಕು, ನಮ್ಮ ವಯಸ್ಸಿನವರ ಕಣ್ಣು ಈಗಲೂ ಅರಳುತ್ತೆ. ಅದರ ಅಸಲಿ ಡಿಸ್ಕನ್ನು ವಿಂಡೋಸ್ 11 ಇರೋ ಕಂಪ್ಯೂಟರಿಗೆ ಹಾಕಿ. (ಡಿಸ್ಕ್ ಡ್ರೈವನ್ನೇ ಬೇರೆ ತರಬೇಕು, ಆ ಮಾತು ಬಿಡಿ.) ಇನ್‌ಸ್ಟಾಲ್ ಆಗುತ್ತೆ. ಐಕಾನ್ ಒತ್ತಿದ್ರೆ ಗೇಮ್ ತೆರೆಯಲ್ಲ.

ಗೇಮ್ ಹಳೇದು, ಅದಕ್ಕೇ ಹೀಗೆ ಅಂತಾರೆ. ನಾನು ಒಪ್ಪಲ್ಲ. ಅದರ ಕೋಡ್ 32-ಬಿಟ್, ಅಂಥದ್ದನ್ನು ಇವತ್ತಿನ ವಿಂಡೋಸ್ ಕೂಡ ಓಡಿಸುತ್ತೆ. ಅಡ್ಡ ನಿಂತಿರೋದು ಸೇಫ್‌ಡಿಸ್ಕ್ ಅನ್ನೋ ಬೀಗ.

1998ರ ಸುಮಾರಿಗೆ ಮನೆಯಲ್ಲೇ ಸಿಡಿ ಬರೆಯೋ ಡ್ರೈವ್‌ಗಳು ಅಗ್ಗ ಆಗ್ತಿದ್ವು, ನಕಲಿನ ಭಯ ಶುರುವಾಗಿತ್ತು. ಸೇಫ್‌ಡಿಸ್ಕ್ ಬಂದಿದ್ದು ಆಗ. ಉಪಾಯ ಜಾಣತನದ್ದು: ಡಿಸ್ಕ್‌ನಲ್ಲಿ ಬೇಕಂತಲೇ ಓದಲಾಗದ ಭಾಗಗಳನ್ನು ಇಡೋದು. ಸಾಮಾನ್ಯ ನಕಲಿನಲ್ಲಿ ಅವು ಸರಿಯಾಗಿ ಬರಲ್ಲ. ಗೇಮ್ ಶುರುವಾಗೋ ಮುಂಚೆ ಅವು ಇವೆಯಾ ಅಂತ ನೋಡೋದು, ಇಲ್ಲದಿದ್ರೆ ಬಾಗಿಲು ಬಂದ್. ಈ ತಪಾಸಣೆಗೆ ವಿಂಡೋಸ್‌ನ ಒಳಮನೆಗೇ ಹೋಗಬಲ್ಲ ಒಂದು ಡ್ರೈವರ್ ಬೇಕಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಮೈಕ್ರೋಸಾಫ್ಟೇ ಅದನ್ನು ಸೇರಿಸಿ ಕೊಡ್ತಿತ್ತು.

ಒಳಮನೆ ಕೀಲಿ ಕೊಟ್ಟ ಮೇಲೆ ಅದು ಕಳ್ಳರ ಕೈಗೂ ಸಿಗಬಹುದು ತಾನೇ? 2007ರಲ್ಲಿ ಅದೇ ಡ್ರೈವರ್‌ನಲ್ಲಿ ಭದ್ರತಾ ದೋಷ ಸಿಕ್ತು, ತೇಪೆ ಹಾಕಿದ್ರು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ರಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ಅಪ್‌ಡೇಟ್ ಬಂದು ವಿಸ್ತಾ, 7, 8ರಲ್ಲೂ ಅದನ್ನು ನಿಲ್ಲಿಸ್ತು. ಭದ್ರತೆ ದೃಷ್ಟಿಯಿಂದ ಸರಿಯಾದ ಕೆಲಸವೇ. ಆದ್ರೆ ದುಡ್ಡು ಕೊಟ್ಟು ತಗೊಂಡ ರಾಶಿ ಡಿಸ್ಕ್‌ಗಳು ಬರೀ ಪ್ಲಾಸ್ಟಿಕ್ ಆದ್ವು.

ಇನ್ನೂ ಹಳೇ ಗೇಮ್‌ಗಳ ತಕರಾರು ಬೇರೆ. ವಿಂಡೋಸ್ 95 ಕಾಲದ ಎಷ್ಟೋ ಗೇಮ್‌ಗಳು 32-ಬಿಟ್ ಆಗಿದ್ರೂ, ಸೆಟಪ್ ಫೈಲ್ ಮಾತ್ರ 16-ಬಿಟ್. ಯಾಕೆ ಗೊತ್ತಾ? ವಿಂಡೋಸ್ 3.1 ಇದ್ದವರು ಡಿಸ್ಕ್ ಹಾಕಿದ್ರೆ "ಇದಕ್ಕೆ ವಿಂಡೋಸ್ 95 ಬೇಕು" ಅಂತ ಮರ್ಯಾದೆಯಿಂದ ಹೇಳೋಕೆ! 64-ಬಿಟ್ ವಿಂಡೋಸ್‌ಗೆ 16-ಬಿಟ್ ಭಾಷೆಯೇ ಬರಲ್ಲ. ಕೆಲವು ಪರಿಚಿತ ಇನ್‌ಸ್ಟಾಲರ್‌ಗಳನ್ನು ಅದು ಗುರುತು ಹಿಡಿದು, ತನ್ನದೇ 32-ಬಿಟ್ ಇನ್‌ಸ್ಟಾಲರ್ ಓಡಿಸುತ್ತೆ. ಉಳಿದವು ಹೊಸ್ತಿಲಲ್ಲೇ ನಿಂತಿವೆ.

ಬಿಕಾಂ ಓದಿದ ನನಗೆ ಇಲ್ಲಿ ಲೆಕ್ಕ ತಪ್ಪಿದ ಹಾಗೆ ಕಾಣುತ್ತೆ. ಬೀಗ ಕಿತ್ತು ಹಂಚಿದ ಕಳ್ಳ ಪ್ರತಿಗೆ ಆ ಡ್ರೈವರ್ ಬೇಡ, ಅದು ಇವತ್ತೂ ಓಡುತ್ತೆ. ಬಿಲ್ ಇಟ್ಟುಕೊಂಡವನು ಹೊರಗೆ. ಅಮೆರಿಕದಲ್ಲಿ 2003ರಲ್ಲೇ, ಬಳಕೆ ತಪ್ಪಿದ ಮಾದರಿಯ ಗೇಮ್‌ಗಳ ಬೀಗ ದಾಟೋಕೆ ಒಂದು ವಿನಾಯಿತಿ ಕೊಟ್ಟಿದ್ರು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಸೇರಿತು: ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಇಂಥ ಬೀಗ ಮುರಿದ್ರೆ ಎರಡು ವರ್ಷದವರೆಗೆ ಜೈಲು. ತನ್ನದೇ ಡಿಸ್ಕ್ ಆಡಿಸೋಕೆ ಒದ್ದಾಡೋನ ಉದ್ದೇಶ ಅದಲ್ಲವಲ್ಲ?

ಹಾಗಾದ್ರೆ ದಾರಿ ಏನು? ಹಳೇ ಎಕ್ಸ್‌ಪಿ ಕಂಪ್ಯೂಟರ್ ಅಟ್ಟದ ಮೇಲಿದ್ರೆ ಇಳಿಸಿ, ಅದರಲ್ಲೇ ಆಡಿ. ಆದ್ರೆ ಇಂಟರ್‌ನೆಟ್ ಕೇಬಲ್ ಮಾತ್ರ ಸಿಕ್ಕಿಸಬೇಡಿ.